ಖಾಲಿ ತೊಟ್ಟಿಲು ತೂಗಬಾರದು

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಒಬ್ಬಳನ್ನು ಹೆಸರಿಡುವುದಕ್ಕೆ ಮೊದಲೇ ಮಣ್ಣಿಗಿಟ್ಟಿದ್ದೇವೆ. ಅವಳಿಗೆ ಇಲ್ಲದ್ದು ಉಳಿದವರಿಗೆ ಯಾಕೆ ಎಂಬುದು ನನ್ನ ಹಟ. ನನ್ನ ಗಂಡ ನನ್ನನ್ನು ದಿನಕ್ಕೊಮ್ಮೆಯಾದರೂ ಹಟಮಾರಿ ಎನ್ನುತ್ತಾರೆ. ಅನ್ನಲಿ, ಅವರಿಗೂ ಬಾಯಿ ಇದೆ.

ನಾವಿರುವುದು ಇಂಡಿಯಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನಮ್ಮವರದು ಲಿಂಬೆ ತೋಟಗಳಿಗೆ ಡ್ರಿಪ್ ಪೈಪು ಹಾಕಿಸಿಕೊಡುವ ಅಂಗಡಿ. ಕೆಲಸದ ನೆಪದಲ್ಲಿ ಊರೂರು ಸುತ್ತುವ ಮನುಷ್ಯ. ಯಾವ ಊರಿನಲ್ಲಿ ಎಕ್ಸಿಬಿಷನ್ ಬಂದಿದೆ, ಯಾವ ಸರ್ಕಲ್ಲಿನಲ್ಲಿ ಮಿರ್ಚಿ ಭಜಿ ಗರಿಗರಿ ಸಿಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಪರೀಕ್ಷೆ ಮುಗಿದ ವಾರ ಊಟಕ್ಕೆ ಕುಳಿತಾಗ ವಿಷಯ ತೆಗೆದರು.

"ಸಿಂದಗ್ಯಾಗ ಎಕ್ಜಿಬಿಷನ್ ಬಂದೈತಿ. ಮುದ್ದೇಬಿಹಾಳದಾಗೂ ಒಂದ್ ಐತಂತ. ಶನಿವಾರ, ಐತವಾರ ಎರಡೂ ಮುಗಿಸಿ ಬರೂಣು. ನಡಕ ಅಕ್ಕನ ಮನ್ಯಾಗ ವಸ್ತಿ."

"ಮುದ್ದೇಬಿಹಾಳಕ್ಕ ನಾ ಬರೂದಿಲ್ರಿ."

"ನಿನ್ನ ತವರಮನಿಗೆ ಹೋಗೂಣಂತ ನಾ ಎಲ್ಲಿ ಅಂದೆ? ತೊಟ್ಲ ಆಡೂದು, ಭಜಿ ತಿನ್ನೂದು, ಬರೂದು."

ನನ್ನ ಕೈಯ ತುತ್ತು ತಟ್ಟೆಯಲ್ಲೇ ನಿಂತಿತು. ಜೈಂಟ್ ವೀಲ್ ಎಂದು ನನ್ನ ವಿದ್ಯಾರ್ಥಿಗಳು ಕರೆಯುವ ಆ ತಿರುಗುವ ಚಕ್ರಕ್ಕೆ ನಮ್ಮವರಂಥವರು ಇಂದಿಗೂ ತೊಟ್ಟಿಲು ಎಂದೇ ಅನ್ನುತ್ತಾರೆ. ಕೂಸಿನ ತೊಟ್ಟಿಲಿಗೂ ಅದೇ ಮಾತು. ಮಾತು ಒಂದೇ ಆದರೆ ಏನಾಯಿತು, ಬೇಕಾದ ಕಡೆ ಬೇಕಾದ ಅರ್ಥ ಹಚ್ಚಿಕೊಂಡರಾಯಿತು ಎಂದು ನಾನು ಎಷ್ಟೋ ಸಲ ನನಗೇ ಪಾಠ ಹೇಳಿಕೊಂಡಿದ್ದೇನೆ. ಹೇಳಿದ ಪಾಠ ತಲೆಗೆ ಹತ್ತದ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ.

ಮುದ್ದೇಬಿಹಾಳ ನನ್ನ ತವರು. ಚೊಚ್ಚಲ ಬಾಣಂತನಕ್ಕೆ ಅಲ್ಲಿಗೇ ಹೋಗಿದ್ದೆ. ಹೆಣ್ಣು ಕೂಸು. ಕರಿ ಕೂದಲು, ಸದಾ ಮುಷ್ಟಿ ಬಿಗಿದ ಕೈ. ನಾನೂ ನನ್ನ ಅಣ್ಣನೂ ಮಲಗಿ ಬೆಳೆದ ಸಾಗವಾನಿ ತೊಟ್ಟಿಲನ್ನು ಅಟ್ಟದಿಂದ ಇಳಿಸಿ, ತೊಳೆದು, ಎಣ್ಣೆ ಹಚ್ಚಿ ಪಡಸಾಲೆಯಲ್ಲಿ ತೂಗುಹಾಕಿದ್ದರು. ತೊಟ್ಟಿಲಿಗೆ ಹಾಕುವ ದಿನದವರೆಗೆ ಕೂಸು ನನ್ನ ಮಗ್ಗುಲಲ್ಲೇ ಮಲಗುತ್ತಿತ್ತು. ನಮ್ಮ ಮನೆತನದಲ್ಲಿ ಹೆಸರಿಡುವವಳು ಸೋದರತ್ತೆ, ಕೂಸಿನ ತಂದೆಯ ಅಕ್ಕ ಅಥವಾ ತಂಗಿ. ಆರಿಸಿದ ಹೆಸರನ್ನು ಅವಳು ಆ ಗಳಿಗೆಯವರೆಗೆ ಯಾರ ಮುಂದೆಯೂ ಬಾಯಿಬಿಡುವಂತಿಲ್ಲ. ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ, ಅದರ ಕಿವಿಗೆ ಬಾಯಿ ಹಚ್ಚಿ ಮೊದಲು 'ಕುರ್ರ್' ಎಂದು, ಆಮೇಲೆ ಹೆಸರು ಉಸುರುತ್ತಾಳೆ. ಹಾಗೆ ಬಗ್ಗಿದವಳ ಬೆನ್ನಿಗೆ ಸುತ್ತ ನಿಂತ ಹೆಂಗಸರು ನಗುತ್ತ ಗುದ್ದುತ್ತಾರೆ.

ನಾಳೆ ತೊಟ್ಟಿಲಿಗೆ ಹಾಕಬೇಕು ಎನ್ನುವಾಗ ಕೂಸಿಗೆ ಜ್ವರ ಬಂತು. ದವಾಖಾನೆಗೆ ಹೋಗುವಾಗ ನನ್ನ ತೊಡೆಯ ಮೇಲಿತ್ತು, ಬರುವಾಗ ಅಣ್ಣನ ಕೈಯಲ್ಲಿತ್ತು. ಓಣಿಯ ಮುದುಕಿಯರು ಬಂದು ಕುಳಿತರು. ನಮ್ಮ ಕಡೆ ಹೆಂಗಸರು ಸತ್ತವರ ಹೆಸರು ಹಿಡಿದು, ಅವರ ಗುಣ ಎತ್ತಿ ಹಾಡ್ಯಾಡಿ ಅಳುತ್ತಾರೆ. ಆ ದಿನ ಅವರೂ ತಡವರಿಸಿದರು. ಏನೆಂದು ಕರೆಯಬೇಕು? "ನನ್ನ ಕೂಸs, ನನ್ನ ಕೂಸs" ಎಂದು ಒಂದೇ ಮಾತನ್ನು ಎಳೆದು, ಮುಂದೆ ಹೋಗಲಾರದೆ ಸುಮ್ಮನಾದರು. ಅಳುವುದಕ್ಕೂ ಒಂದು ಹೆಸರು ಬೇಕು ಎಂದು ನನಗೆ ಅಂದು ಗೊತ್ತಾಯಿತು.

ಹೆಸರು ಗೊತ್ತಿದ್ದವರು ಒಬ್ಬರೇ, ನನ್ನ ಗಂಡನ ಅಕ್ಕ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಏಳೆಂಟು ವರ್ಷ ಹೀಗೇ ಕಳೆದವು. ಮೈದುನನ ಮಗಳಿಗೆ ಹೆಸರಿಡುವಾಗಲೂ ಅಕ್ಕ ಅಡುಗೆಮನೆಯಿಂದ ಹೊರಗೆ ಬರಲಿಲ್ಲ, ದೂರದ ಸಂಬಂಧದ ತಂಗಿಯೊಬ್ಬಳಿಂದ ಇಡಿಸಿದರು. ಎಷ್ಟು ಸೊಕ್ಕು ಈ ಹೆಂಗಸಿಗೆ ಎಂದು ಉರಿದುಕೊಂಡಿದ್ದೆ. ಇಂಡಿಯ ನಮ್ಮ ಮನೆಯಲ್ಲಿ, ಕೂಸು ಐದನೆಯ ತಿಂಗಳಿಗೆ ಬರುತ್ತದೆಂದು ನಮ್ಮವರು ಮುಂಚೆಯೇ ಜಂತಿಗೆ ಹೊಡೆಸಿದ್ದ ಕಬ್ಬಿಣದ ಕೊಂಡಿ ಈಗಲೂ ಇದೆ. ಆ ಕೊಂಡಿ ಎಂದೂ ಭಾರ ಹೊತ್ತಿಲ್ಲ. ಭಾರ ಇಲ್ಲದ ಕೊಂಡಿ ಕಿರುಗುಟ್ಟುವುದಿಲ್ಲ, ಇದು ಯಾರಿಗಾದರೂ ತಿಳಿಯುವ ಲೆಕ್ಕ. ಆದರೆ ಮಧ್ಯಾಹ್ನ ಓಣಿ ತಣ್ಣಗಾದಾಗ ನನಗೆ ಅದರ ಸದ್ದು ಕೇಳುತ್ತದೆ. ನಾನು ತಲೆ ಎತ್ತಿ ನೋಡುವುದಿಲ್ಲ.

ಇಷ್ಟಾದರೂ ಹೊರಟೆ. ನಮ್ಮವರು ಕಾರು ತೊಳೆದು, ಹಿಂದಿನ ಸೀಟಿನ ಮೇಲಿದ್ದ ಪೈಪಿನ ತುಂಡುಗಳನ್ನೆಲ್ಲ ತೆಗೆದು, ನನ್ನ ಮುಖ ನೋಡುತ್ತ ನಿಂತಿದ್ದರು. ಬೇಡ ಎನ್ನಲು ಬಾಯಿ ಬರಲಿಲ್ಲ.

ಸಿಂದಗಿಯ ಮೈದಾನ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಜನ ಬಂದಿರಲಿಲ್ಲ. ಭಜಿಯವರು ಒಲೆ ಹೊತ್ತಿಸುತ್ತಿದ್ದರು, ಒಬ್ಬಾಕೆ ಹಗ್ಗಕ್ಕೆ ಪ್ಲಾಸ್ಟಿಕ್ ಬಳೆಗಳನ್ನು ಪೋಣಿಸುತ್ತಿದ್ದಳು. ಮೈದಾನದ ನಡುವೆ ಆ ಚಕ್ರ ಒಂದೇ ಸಮ ತಿರುಗುತ್ತಿತ್ತು. ಹಗಲಿನಲ್ಲಿ ಅದರ ದೀಪಗಳು ಕಾಣುತ್ತಿರಲಿಲ್ಲ. ಯಾವ ತೊಟ್ಟಿಲಲ್ಲೂ ಯಾರೂ ಇರಲಿಲ್ಲ. ಹಸಿರು, ಹಳದಿ, ಕೆಂಪು ತೊಟ್ಟಿಲುಗಳು ಮೇಲೆ ಹೋಗಿ ಒಂದು ಕ್ಷಣ ತೂಗಾಡಿ ಕೆಳಗೆ ಬರುತ್ತಿದ್ದವು. ಒಂದು ಹಳದಿ ತೊಟ್ಟಿಲು ಮಾತ್ರ ಉಳಿದವುಗಳಿಗಿಂತ ಹೆಚ್ಚು ತೂಗುತ್ತಿತ್ತು, ಒಳಗೆ ಯಾರೋ ಕೈಕಾಲು ಆಡಿಸುತ್ತಿದ್ದಂತೆ.

ಖಾಲಿ ತೊಟ್ಟಿಲು ತೂಗಬಾರದು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ, ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಚಿಕ್ಕಂದಿನಲ್ಲಿ ಆಟಕ್ಕೆ ತೂಗಿದರೂ ಬೆನ್ನಿಗೆ ಬೀಳುತ್ತಿತ್ತು. ನನಗೆ ಇಂಥದರಲ್ಲಿ ನಂಬಿಕೆಯಿಲ್ಲ. ಕ್ಲಾಸಿನಲ್ಲಿ ಮಾಟ ಮಂತ್ರ ಎಂದ ಹುಡುಗರನ್ನು ನಿಲ್ಲಿಸಿ ಬೈದವಳು ನಾನು.

"ನಿಲ್ಲಸಾಕ ಹೇಳ್ರಿ ಅದನ್ನ," ಅಂದೆ.

"ಏ, ಟೆಸ್ಟ್ ಮಾಡಾಕತ್ತಾರ. ಜನಾ ಕುಂದ್ರೂಕಿಂತ ಮೊದ್ಲ ನೋಡಬೇಕಲ್ಲ."

"ನಾ ಆ ಕಡೆ ಬರೂದಿಲ್ಲ, ಅಷ್ಟs."

ಅವರು ನನ್ನನ್ನು ಮೈದಾನದ ಇನ್ನೊಂದು ತುದಿಗೆ ಕರೆದುಕೊಂಡು ಹೋದರು. ಅಲ್ಲಿ ಭೂತ ಬಂಗಲೆ ಇತ್ತು, ತಗಡಿನ ಗೋಡೆಯ ಮೇಲೆ ರಕ್ತ ಸುರಿಯುವ ಚಿತ್ರ. ಒಳಗೆ ತಂತಿಗೆ ಕಟ್ಟಿದ ಅಸ್ಥಿಪಂಜರ ಇಳಿದು ಬಂತು. ಕಪ್ಪು ಬಟ್ಟೆ ತೊಟ್ಟ ಒಬ್ಬ ನೆಲದಿಂದ ಕೈ ಚಾಚಿ ನಮ್ಮವರ ಕಾಲು ಹಿಡಿದ. ಇಡೀ ತಾಲ್ಲೂಕಿನ ರೈತರ ಜೊತೆ ಗಂಟಲು ಹರಿದುಕೊಂಡು ಚೌಕಾಶಿ ಮಾಡುವ ಈ ಮನುಷ್ಯ "ಯವ್ವಾ" ಎಂದು ಕಿರುಚಿ ನನ್ನ ಸೆರಗು ಹಿಡಿದರು. ನಾನು ನಕ್ಕೆ. ನಗುತ್ತಲೇ ಅನ್ನಿಸಿತು, ಇವರ ಭೂತಗಳಿಗೆಲ್ಲ ಉದ್ದ ಹಲ್ಲು, ಉದ್ದ ಕೂದಲು. ನಮ್ಮ ಮನೆಯ ಭೂತಕ್ಕೆ ಇನ್ನೂ ಹಲ್ಲೇ ಬಂದಿರಲಿಲ್ಲ. ಅದು ಯಾರ ಕಾಲನ್ನೂ ಹಿಡಿಯುವುದಿಲ್ಲ.

ಆಮೇಲೆ ಅವರ ಸಮಾಧಾನಕ್ಕೆಂದು, ಪಕ್ಕದಲ್ಲೇ ಇದ್ದ ತೂಗುವ ದೋಣಿಯ ಆಟದಲ್ಲಿ ಕುಳಿತೆ. ಅದಕ್ಕೂ ಮೊದಲು ಗಿರ್ಮಿಟ್, ಮಿರ್ಚಿ, ತಲೆಗಿಂತ ದೊಡ್ಡ ದಿಲ್ಲಿ ಹಪ್ಪಳ ಎಲ್ಲ ಹೊಟ್ಟೆ ಸೇರಿದ್ದವು. ದೋಣಿ ಇಳಿದಾಗ ಹೊಟ್ಟೆ ತೊಳಸುತ್ತಿತ್ತು. ಒಂದು ಕಂಬ ಹಿಡಿದು ನಿಂತೆ. ಲೌಡ್‌ಸ್ಪೀಕರು ಕಿವಿ ಹರಿಯುವಂತೆ ಕೂಗುತ್ತಿತ್ತು. ಅದರ ನಡುವೆಯೇ ನಮ್ಮವರು ಅಕ್ಕನಿಗೆ ಫೋನು ಹಚ್ಚಿದರು.

"ಅಕ್ಕಾ, ತೊಟ್ಲದ ಸಲುವಾಗಿ ಹೊಂಟೇವಿ. ಹಾಂ, ತೊಟ್ಲ, ತೊಟ್ಲ! ಸಂಜೀಕ ನಿಮ್ಮಲ್ಲೇ. ಅಕಿಗೆ ಹೊಟ್ಟಿ ತೊಳಸಾಕತ್ತೈತಿ, ಏನರ ಹುಳೀದ ಮಾಡಿಡು."

ಫೋನು ಕಟ್ಟಾಯಿತು. ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ.

ಹೂವಿನ ಹಿಪ್ಪರಗಿಯಲ್ಲಿ ಅಕ್ಕನ ಮನೆ ತಲುಪಿದಾಗ ದೀಪ ಹಚ್ಚುವ ಹೊತ್ತು. ಅಕ್ಕ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಆರತಿ ತಟ್ಟೆ. ನಾನು ಚಪ್ಪಲಿ ಬಿಡುವ ಮೊದಲೇ ಕೆಂಪು ನೀರು ಇಳಿಸಿ, ನನ್ನ ಮುಖ ನೀವಿ, ನೆಟಿಗೆ ಮುರಿದರು. ಒಳಗೆ ಚಾಪೆಯ ಮೇಲೆ ಹಸಿರು ಸೀರೆ, ಹಸಿರು ಬಳೆ, ಒಂದು ಬಟ್ಟಲಲ್ಲಿ ಹುಣಸೆಹಣ್ಣಿನ ಗೊಜ್ಜು. ಅವರ ಕಣ್ಣಲ್ಲಿ ನೀರಿತ್ತು.

"ಹೊಟ್ಟಿ ತಣ್ಣಗಿರಲಿ, ಯವ್ವಾ. ದೇವರು ಕಣ್ಣ ತೆರದ. ಖರೆ ಒಂದ್ ಮಾತ. ಈ ಸಲ ಹೆಸರ ನಾ ಇಡೂದಿಲ್ಲ. ಯಾರಿಂದರ ಇಡಸ್ರಿ. ನನ್ನ ಬಾಯಿ ಛಲೋ ಅಲ್ಲ."

ನಮ್ಮವರು ಮೊದಲು ನನ್ನನ್ನು ನೋಡಿದರು, ಆಮೇಲೆ ಹಸಿರು ಬಳೆಗಳನ್ನು ನೋಡಿದರು. "ಅಕ್ಕಾ," ಎಂದರು, ಧ್ವನಿ ಬಿದ್ದುಹೋಗಿತ್ತು, "ತಿರಗೂ ತೊಟ್ಲ ಅಂದಿದ್ದೆ ನಾ. ಎಕ್ಜಿಬಿಷನ್‌ದ್ದು."

ಅಕ್ಕ ತಟ್ಟೆಯನ್ನು ನೆಲಕ್ಕಿಟ್ಟು, ಬಗ್ಗಿ ಬಳೆಗಳನ್ನು ಒಂದೊಂದಾಗಿ ಆರಿಸಿ ಸೀರೆಯ ಮಡಿಕೆಯೊಳಗೆ ಹಾಕಿದರು. ನಾನು ಹಿತ್ತಲಿಗೆ ಹೋಗಿ ನಿಂತೆ. ಸಿಟ್ಟು ಬಂದಿತ್ತು. ಗಂಡನ ಮೇಲೆ, ಅಕ್ಕನ ಮೇಲೆ, ಎರಡು ಅರ್ಥ ಹೊತ್ತ ಆ ಮಾತಿನ ಮೇಲೆ. ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆಯದಕ್ಕೆ. ಆರತಿಯ ತಟ್ಟೆ ಮುಖದ ಸುತ್ತ ಇಳಿಯುವಾಗ, ಒಂದು ಗಳಿಗೆ, ನಾನೂ ನಂಬಿಬಿಟ್ಟಿದ್ದೆ. ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗಿತ್ತು.

ಊಟ ಮಾಡಿ ಬೇಗ ಮಲಗಿದೆವು. 'ನನ್ನ ಬಾಯಿ ಛಲೋ ಅಲ್ಲ' ಎಂದರಲ್ಲ ಅಕ್ಕ, ಆ ಮಾತು ನನ್ನನ್ನು ಬಿಡಲಿಲ್ಲ. ಸೊಕ್ಕಿನ ಹೆಂಗಸು ಹಾಗೆ ಮಾತಾಡುವುದಿಲ್ಲ.

ಬೆಳಿಗ್ಗೆ ನಮ್ಮವರು ಅಕ್ಕನನ್ನೂ ಹೊರಡಿಸಿದರು. "ನಾ ಅಂದ ತೊಟ್ಲ ಯಾವುದು ಅಂತ ನಿನ್ನ ಕಣ್ಣಲೇ ನೋಡು ಬಾ," ಎಂದರು. ಮಾಡಿದ ಎಡವಟ್ಟಿಗೆ ತೇಪೆ ಹಚ್ಚುವ ದಾರಿ ಅವರಿಗೆ ಇದೊಂದೇ ಹೊಳೆದಿತ್ತು. ಅಕ್ಕ ಬೇಡ ಬೇಡ ಎನ್ನುತ್ತಲೇ ಹೊಸ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕುಳಿತರು.

ಬಸವನ ಬಾಗೇವಾಡಿಯಲ್ಲಿ ಸುಸಲಾ, ಮಿರ್ಚಿ ತಿಂದೆವು. ಅಕ್ಕ ಮಂಡಕ್ಕಿಯನ್ನು ಬೆರಳಲ್ಲಿ ಹೊರಳಿಸಿದರೇ ಹೊರತು ಬಾಯಿಗೆ ಹಾಕಲಿಲ್ಲ. ಬಿಸಿಲಿನ ಹೊತ್ತನ್ನು ಬಾಗೇವಾಡಿಯ ಒಬ್ಬ ಗಿರಾಕಿಯ ಮನೆಯಲ್ಲಿ ಕಳೆದು, ಇಳಿಹೊತ್ತಿಗೆ ಮತ್ತೆ ಹೊರಟೆವು. ಗೊಳಸಂಗಿಯಲ್ಲಿ ನಮ್ಮವರು ಚಹಾ ಹೇಳಲು ಇಳಿದಾಗ ಕಾರಿನಲ್ಲಿ ನಾವಿಬ್ಬರೇ ಉಳಿದೆವು. ನಾನು ಹಿಂದಕ್ಕೆ ತಿರುಗದೆ, ಎದುರಿನ ಗಾಜನ್ನೇ ನೋಡುತ್ತ ಕೇಳಿದೆ.

"ಅಕ್ಕಾರ, ಅಕಿಗೆ ಏನ್ ಹೆಸರ ಆರಿಸಿದ್ರಿ?"

ಹಿಂದೆ ಅವರ ಬಳೆಗಳ ಸದ್ದಾಯಿತು.

"ಆ ಮಾತ ಬ್ಯಾಡ, ತಂಗಿ. ನಿನ್ನ ಕಾಲ ಬೀಳ್ತೇನಿ."

ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟಿದ್ದೆ, ಅವರು ಬಾಗಿಲು ಮುಚ್ಚಿದ್ದರು. ನನ್ನ ಮಗಳ ಹೆಸರು ನನ್ನ ಬೆನ್ನ ಹಿಂದೆ, ಒಂದು ಸೀಟಿನಾಚೆ ಕುಳಿತಿತ್ತು. ನಮ್ಮವರು ಚಹಾ ತಂದರು, ಕುಡಿದೆವು.

ಮುದ್ದೇಬಿಹಾಳದಲ್ಲಿ ನಮ್ಮ ಓಣಿಯ ಕಡೆಗೆ ತಿರುಗುವ ರಸ್ತೆ ಬಂದಾಗ ಕಣ್ಣು ಮುಚ್ಚಿಕೊಂಡೆ. ಅಣ್ಣನಿಗೆ ಬರುವುದನ್ನು ಹೇಳಿರಲಿಲ್ಲ. ಮೈದಾನ ಸಿಂದಗಿಯದಕ್ಕಿಂತ ಸಣ್ಣದು, ಹೊತ್ತು ಇಳಿಯುತ್ತಿತ್ತು, ಜನ ಆಗಷ್ಟೇ ಸೇರತೊಡಗಿದ್ದರು. ನಮ್ಮವರು ಹಪ್ಪಳ ಕೊಂಡರು. ಚಕ್ರದ ಮುಂದೆ ನಿಂತಿದ್ದೇ ಅವರ ಧೈರ್ಯ ಕರಗಿತು. "ಜೋರ ತಿರಗತೈತಿ ಇದು," ಎಂದು ಮೀಸೆ ಒರೆಸಿಕೊಂಡರು. ಎರಡು ದಿನದಿಂದ ತೊಟ್ಟಿಲು ತೊಟ್ಟಿಲು ಎಂದು ಜೀವ ತಿಂದ ಮನುಷ್ಯ!

ಚಕ್ರ ನಡೆಸುವವನು ಜನರನ್ನು ಕೂರಿಸುತ್ತ ಬಂದ. ಒಂದು ತೊಟ್ಟಿಲು ತುಂಬಿದೊಡನೆ ಚಕ್ರವನ್ನು ತುಸು ತಿರುಗಿಸಿ ಮುಂದಿನದನ್ನು ಕೆಳಗೆ ತರುತ್ತಿದ್ದ. ನಮ್ಮ ಎದುರಿಗೆ ಒಂದು ಹಳದಿ ತೊಟ್ಟಿಲು ಬಂದು ನಿಂತಿತು. ಆ ಗಳಿಗೆಗೆ ಸಾಲಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವನು ಖಾಲಿಯನ್ನೇ ಮೇಲೆ ಕಳಿಸಲು ಕೈ ಎತ್ತಿದ.

ನಾನು ಚಪ್ಪಲಿ ಬಿಟ್ಟು ಒಳಗೆ ಹತ್ತಿ ಕುಳಿತೆ. ಯೋಚಿಸಲಿಲ್ಲ. ಆ ಊರಿನಲ್ಲಿ, ನನ್ನ ಕಣ್ಣೆದುರು, ಇನ್ನೊಂದು ತೊಟ್ಟಿಲು ಖಾಲಿ ತೂಗುವುದನ್ನು ನೋಡಲಾರೆ ಎನ್ನಿಸಿತ್ತು. ಹತ್ತಿ ಕುಳಿತ ಮೇಲೆ ನೋಡಿದರೆ ಅಕ್ಕನೂ ಸೀರೆ ಎತ್ತಿ ಕಟ್ಟಿ ಹತ್ತುತ್ತಿದ್ದರು. "ಒಬ್ಬಾಕೀನ ಹೆಂಗ ಬಿಡ್ಲಿ," ಎಂದು ನನ್ನ ಮಗ್ಗುಲಿಗೆ ಬಂದು ಸರಳು ಹಿಡಿದರು. ನಮ್ಮವರು ನಮ್ಮ ಚಪ್ಪಲಿಗಳನ್ನೂ ಹಪ್ಪಳವನ್ನೂ ಹಿಡಿದು ಕೆಳಗೆ ಉಳಿದರು.

ಚಕ್ರ ಮೇಲೇರಿತು. ಕೆಳಗಿನ ತೊಟ್ಟಿಲಿಗೆ ತಡವಾಗಿ ಬಂದ ಯಾರೋ ಹತ್ತುತ್ತಿದ್ದರೆಂದು ಕಾಣುತ್ತದೆ, ನಮ್ಮದು ತುತ್ತತುದಿಯಲ್ಲಿ ನಿಂತುಬಿಟ್ಟಿತು. ಗಾಳಿಗೆ ತೊಟ್ಟಿಲು ತೂಗಿತು. ಅದರ ಕೊಂಡಿ ಕಿರುಗುಟ್ಟಿತು. ಅದೇ ಸದ್ದು, ನಮ್ಮ ಮನೆಯ ಜಂತಿಯಿಂದ ನಾನು ಕೇಳುವ ಸದ್ದು. ಈ ಸಲ ತಲೆ ಎತ್ತಿ ನೋಡಿದೆ. ಕೆಳಗೆ, ನೀರಿನ ಟಾಕಿಯ ಆಚೆಗೆ ನಮ್ಮ ಓಣಿಯ ಮಾಳಿಗೆಗಳು ಕಾಣುತ್ತಿದ್ದವು.

ಅಕ್ಕ ಕಣ್ಣು ಮುಚ್ಚಿ ನನ್ನ ಮಣಿಕಟ್ಟು ಹಿಡಿದಿದ್ದರು. ಕಣ್ಣು ಮುಚ್ಚಿಕೊಂಡೇ ಮಾತಾಡಿದರು.

"ನಾನ ಕೊಂದೇನಿ ಅದನ್ನ."

"ಏನಂತ ಮಾತಾಡ್ತೀರಿ ಅಕ್ಕಾರ!"

"ಹಿಂದಿನ ದಿನಾನ ಬಂದಿದ್ನೆಲ್ಲ ನಾ ನಿಮ್ಮ ಮನಿಗೆ. ನಿನಗ ಬಚ್ಚಲದಾಗ ಎರಿಯಾಕತ್ತಿದ್ರು. ಕೂಸು ಒಂದ ಇತ್ತು, ಚಿಟ್ಟನ ಚೀರಾಕತ್ತಿತ್ತು. ಎತಗೊಂಡೆ. ನಾಳೆ ಹೆಂಗೂ ಹೇಳೂದೈತಿ, ಹೆಸರ ಅಕಿ ಮಾರಿಗೆ ಒಪ್ಪತೈತೇನು ನೋಡೂಣಂತ ಕಿವ್ಯಾಗ ಕುರ್ರ್ ಅಂದು ಹೇಳಿಬಿಟ್ಟೆ. ವ್ಯಾಳ್ಯಾಕಿಂತ ಮೊದ್ಲ ಹೇಳಬಾರದಿತ್ತು. ಸುಮ್ಮನಾತು. ನನ್ನ ಮಾರಿ ನೋಡ್ತು. ಸಂಜೀಕ ಜ್ವರಾ ಬಂತು." ಅವರು ಇನ್ನೊಂದು ಕೈಯಿಂದ ಸರಳನ್ನು ಬಿಗಿಯಾಗಿ ಹಿಡಿದರು. "ಅವತ್ತಿಂದ ಯಾರ ಕೂಸಿನ ಕಿವಿಗೂ ಬಾಯಿ ಹಚ್ಚಿಲ್ಲ."

ನನಗೆ ಆ ಬಚ್ಚಲು ನೆನಪಾಯಿತು. ತಲೆಯ ಮೇಲೆ ಸುಡುನೀರು, ಹಬೆ, ಬೆನ್ನು ತಿಕ್ಕುವ ಮುದುಕಿಯ ಗಟ್ಟಿ ಕೈ. ಹೊರಗೆ ಕೂಸಿನ ಅಳು. ಎದ್ದು ಓಡಬೇಕು ಎನ್ನುವಷ್ಟರಲ್ಲಿ ಅಳು ನಿಂತಿತ್ತು. ಯಾರೋ ಎತ್ತಿಕೊಂಡರು ಎಂದು ಸಮಾಧಾನವಾಗಿ ಕಣ್ಣು ಮುಚ್ಚಿದ್ದೆ. ಆ ಮೌನವನ್ನು ಆಮೇಲೆ ಎಂದೂ ನೆನೆದಿರಲಿಲ್ಲ.

"ಹಂಗಾರ," ಎಂದೆ, "ಹಂಗಾರ ಅಕಿ ತನ್ನ ಹೆಸರ ಕೇಳ್ಯಾಳ?"

ಅಕ್ಕ ಕಣ್ಣು ತೆರೆದರು. ಆ ಹೆಂಗಸು ಇಷ್ಟು ವರ್ಷ ಆ ಗಳಿಗೆಯನ್ನು ಒಂದೇ ಕಡೆಯಿಂದ ನೋಡಿದ್ದರು.

"ಕೇಳ್ಯಾಳ," ಎಂದರು. "ಕೇಳಿ ಸುಮ್ಮನಾಗ್ಯಾಳ."

"ಜ್ವರಾ ಜ್ವರದಿಂದ ಬರ್ತೈತ್ರಿ ಅಕ್ಕಾರ, ಹೆಸರಿನಿಂದ ಬರೂದಿಲ್ಲ. ನನಗ ಹೇಳ್ರಿ."

"ನನ್ನ ಬಾಯಿ…"

"ನಿಮ್ಮ ಬಾಯಿಲೇ ಹೇಳ್ರಿ. ಅಕಿಗೆ ಹೇಳಿದಂಗ."

ಅವರು ನನ್ನ ತಲೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅವರ ಉಸಿರು ಬಿಸಿಯಾಗಿತ್ತು, ಎಲೆ ಅಡಿಕೆಯ ವಾಸನೆಯಿತ್ತು. ನನ್ನ ಕಿವಿಯಲ್ಲಿ ಕುರ್ರ್ ಎಂದರು, ಮೈಯೆಲ್ಲ ಜುಮ್ಮೆಂದಿತು. ಆಮೇಲೆ ಹೇಳಿದರು.

ಚಿಕ್ಕ ಹೆಸರು. ನನ್ನ ಕ್ಲಾಸಿನಲ್ಲೇ ಆ ಹೆಸರಿನ ಹುಡುಗಿಯರಿದ್ದಾರೆ, ದಿನವೂ ಹಾಜರಿಯಲ್ಲಿ ಕೂಗುತ್ತೇನೆ. ನನಗೆ ಗೊತ್ತಿಲ್ಲದೆಯೇ ಇಷ್ಟು ವರ್ಷ ಅವಳನ್ನು ಕರೆದಿದ್ದೆ.

ನನ್ನ ಕೈ ಮುಷ್ಟಿಯಾಯಿತು. ಅಕ್ಕನ ಬೆನ್ನಿಗೆ ಒಂದು ಗುದ್ದಿದೆ. ಮೊದಲ ಗುದ್ದು ಸಿಟ್ಟಿನದೇ, ಇಷ್ಟು ವರ್ಷ ಬಚ್ಚಿಟ್ಟಿದ್ದಕ್ಕೆ. ಆಮೇಲೆ ಗುದ್ದಿದ್ದು ಶಾಸ್ತ್ರಕ್ಕೆ. ಅಕ್ಕ ಬಗ್ಗಿ, ಬೆನ್ನು ಕೊಟ್ಟು, ಅಳುತ್ತ ನಗುತ್ತ "ಹೊಡಿ, ಇನ್ನೂ ಹೊಡಿ" ಎನ್ನುತ್ತಿದ್ದರು. ಆಗ ಚಕ್ರ ಹೊರಟಿತು. ನಾನು ಅವಳ ಹೆಸರು ಹಿಡಿದು ಅತ್ತೆ, ಜೋರಾಗಿ, ಮುದುಕಿಯರು ಅಂದು ಅಳಲಾರದೆ ಬಿಟ್ಟಿದ್ದನ್ನೆಲ್ಲ ಅತ್ತೆ. ಸುತ್ತಲಿನ ತೊಟ್ಟಿಲುಗಳಲ್ಲಿ ಜನ ಕಿರುಚುತ್ತಿದ್ದರು, ಹೀಗಾಗಿ ಯಾರಿಗೂ ಗೊತ್ತಾಗಲಿಲ್ಲ.

ಇಳಿದಾಗ ನಮ್ಮವರು ನಮ್ಮಿಬ್ಬರ ಮುಖ ನೋಡಿ ಗಾಬರಿಯಾದರು. ಹಪ್ಪಳ ಅವರ ಕೈಯಲ್ಲಿ ಮುರಿದಿತ್ತು.

"ಯಾಕ? ಏನಾತು? ಅಂಜಿದ್ರೇನು?"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಆ ಕಡೆ ತಿರುಗಿ ನಿಂತರು. ನಮ್ಮವರೂ ಅವಳ ಹೆಸರು ಕೇಳದ ತಂದೆ. ಇಷ್ಟು ವರ್ಷ ಒಂದು ಸಲವೂ ಕೇಳಬೇಕೆಂದವರಲ್ಲ, ಆದರೆ ಆ ಕೊಂಡಿಯನ್ನು ಕಿತ್ತೂ ಹಾಕಲಿಲ್ಲ.

"ಬಗ್ಗರಿ," ಎಂದೆ.

ಅವರು ಚಪ್ಪಲಿಗಳನ್ನು ಹಿಡಿದುಕೊಂಡೇ ಬಗ್ಗಿದರು. ನಾನು ಅವರ ಕಿವಿಗೆ ಬಾಯಿ ಹಚ್ಚಿ, ಮೊದಲು ಕುರ್ರ್ ಎಂದೆ.